ಶಾಲೆಯ ಉಪ್ಪಿಟ್ಟೂ ಅಮೆರಿಕದ ಮ್ಯಾಕರೋನಿಯೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಕಟ್ಟಡದ ಚರಿತ್ರೆ ಇರುತ್ತದೆ, ದಾನಿಗಳ ನಾಮಾವಳಿ ಇರುತ್ತದೆ, ಮುಖ್ಯೋಪಾಧ್ಯಾಯರ ಭಾವಚಿತ್ರಗಳಿರುತ್ತವೆ. ಮಧ್ಯಾಹ್ನದ ಹೊತ್ತು ಮಕ್ಕಳು ಏನನ್ನು ಉಂಡರೆಂಬ ಮಾತು ಮಾತ್ರ ವಿರಳ. ಕಾಸರಗೋಡಿನ ನಮ್ಮಂಥ ಕನ್ನಡ ಶಾಲೆಗಳ ಅಂಗಳದಲ್ಲಿ ಒಂದು ಕಾಲಕ್ಕೆ ಬೇಯುತ್ತಿದ್ದ ಉಪ್ಪಿಟ್ಟಿನ ಪ್ರಸ್ತಾಪ ಬಂದೊಡನೆ ಹಳೆಯ ವಿದ್ಯಾರ್ಥಿಗಳಲ್ಲಿ ಎರಡು ಪಕ್ಷಗಳಾಗುತ್ತವೆ. ‘ಅಂಥ ರುಚಿ ಮತ್ತೆಲ್ಲಿಯೂ ಸಿಗಲಿಲ್ಲ’ ಎಂಬುದು ಒಂದು ಪಕ್ಷ. ‘ಉಪ್ಪಿಟ್ಟಿನ ಶಾಲೆ ಎಂದು ಹಂಗಿಸಿಕೊಂಡದ್ದು ಸಾಲದೇ, ಅದನ್ನು ಅಚ್ಚು ಹಾಕಿಸಬೇಕೇ?’ ಎಂಬುದು ಇನ್ನೊಂದು. ಈ ಎರಡು ಮಾತುಗಳನ್ನೂ ಅಚ್ಚು ಹಾಕಿಸಲೇಬೇಕೆಂಬುದು ಆ ಸಾಲಿನಲ್ಲಿ ಕುಳಿತು ಉಂಡ ನನ್ನ ಅಭಿಪ್ರಾಯ.

ಇಂಥ ವಾದ ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕದವರಿಗೆ ‘ಮ್ಯಾಕರೋನಿ ಮತ್ತು ಚೀಸ್’ ಎಂಬ ತಿನಿಸಿದೆ. ಗೋಧಿಯ ಕೊಳವೆ ಶಾವಿಗೆಯನ್ನು ಬೇಯಿಸಿ, ಕರಗಿಸಿದ ಚೀಸಿನಲ್ಲಿ ಹೊರಳಿಸಿದರೆ ಅದು ಸಿದ್ಧ. ಒಮ್ಮೆ ಅದು ಶ್ರೀಮಂತರ ಭಕ್ಷ್ಯವಾಗಿತ್ತು. ಅಧ್ಯಕ್ಷ ಥಾಮಸ್ ಜೆಫರ್ಸನ್ನರ 1802ರ ಔತಣವೊಂದರಲ್ಲಿ ಅದನ್ನು ಬಡಿಸಿದಾಗ ಅತಿಥಿಯೊಬ್ಬರು ತಮಗೆ ಹಿಡಿಸಲಿಲ್ಲವೆಂದು ಬರೆದಿಟ್ಟಿದ್ದಾರೆ. ಜೆಫರ್ಸನ್ನರ ಮನೆಯಲ್ಲಿ ಗುಲಾಮನಾಗಿದ್ದ ಜೇಮ್ಸ್ ಹೆಮಿಂಗ್ಸ್ ಪ್ಯಾರಿಸ್ಸಿನಲ್ಲಿ ಪಾಕವಿದ್ಯೆ ಕಲಿತು ಬಂದವನು. ಈ ತಿನಿಸಿನ ಕಥೆಯಲ್ಲಿ ಅವನ ಹೆಸರನ್ನು ಜನ ನೆನೆಯತೊಡಗಿದ್ದು ಬಹಳ ತಡವಾಗಿ. 1937ರಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಕ್ರಾಫ್ಟ್ ಕಂಪೆನಿಯು ಒಣ ಮ್ಯಾಕರೋನಿಯನ್ನೂ ಚೀಸ್ ಪುಡಿಯನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿತು. ಬೆಲೆ 19 ಸೆಂಟು, ನಾಲ್ವರ ಊಟ. ಮಹಾಯುದ್ಧದ ಪಡಿತರದ ಕಾಲದಲ್ಲಿ ಮಾಂಸ ಸಿಗದ ಮನೆಗಳನ್ನು ಆ ಪೆಟ್ಟಿಗೆ ಸಾಕಿತು.

ಇಂದು ಅಮೆರಿಕದಲ್ಲಿ ಆ ತಿನಿಸಿನ ಬಗೆಗೆ ಒಮ್ಮತವಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಜ್ಜಿ ಒಲೆಯಲ್ಲಿ ಸುಟ್ಟು ಮಾಡಿದ್ದೇ ನಿಜವಾದದ್ದು ಎಂದು, ಮುಖ್ಯವಾಗಿ ಕಪ್ಪು ಜನರ ಮನೆಗಳಲ್ಲಿ, ಹಟ ಹಿಡಿಯುವವರಿದ್ದಾರೆ. ಪೆಟ್ಟಿಗೆಯ ಹಳದಿ ಪುಡಿಯ ರುಚಿಗೇ ಮನಸೋತವರಿದ್ದಾರೆ. ತಿಂಗಳ ಕೊನೆಯಲ್ಲಿ ಬೇರೇನೂ ಇಲ್ಲದೆ ಅದನ್ನೇ ತಿಂದವರು ಈಗ ಅದರ ಹೆಸರೆತ್ತಲಾರರು. 1981ರ ಡಿಸೆಂಬರಿನಲ್ಲಿ ಅಧ್ಯಕ್ಷ ರೇಗನ್ನರ ಸರಕಾರವು ಉಗ್ರಾಣಗಳಲ್ಲಿ ಬಿದ್ದಿದ್ದ 3 ಕೋಟಿ ಪೌಂಡು ಚೀಸನ್ನು ಬಡವರಿಗೆ ಹಂಚಲು ನಿರ್ಧರಿಸಿತು. ಆ ಸರಕಾರಿ ಚೀಸಿನಷ್ಟು ಚೆನ್ನಾಗಿ ಕರಗುವುದು ಇನ್ನೊಂದಿಲ್ಲವೆಂದು ಕೆಲವರು ನೆನೆದರೆ, ಕೆಲವರಿಗೆ ನೆನಪಿರುವುದು ಸಾಲಿನಲ್ಲಿ ನಿಂತ ತಾಯಿಯ ತಗ್ಗಿದ ಮುಖ.

ನಮ್ಮ ಉಪ್ಪಿಟ್ಟು ಬಂದದ್ದೂ ಅದೇ ದೇಶದ ಉಗ್ರಾಣದಿಂದ. ಅಲ್ಲಿಯ ರೈತರಿಗೆ ಬೆಲೆ ಕುಸಿಯದಂತೆ ಸರಕಾರ ಕೊಂಡಿಟ್ಟ ಧಾನ್ಯ ಮಿಕ್ಕಿದಾಗ, 1954ರ ‘ಪಿ.ಎಲ್. 480’ ಎಂಬ ಕಾನೂನು ಅದನ್ನು ಹೊರದೇಶಗಳಿಗೆ ಕಳುಹಿಸಲು ದಾರಿ ಮಾಡಿತು. ‘ಕೇರ್’ ಸಂಸ್ಥೆಯ ಮೂಲಕ ಅದು ಕೇರಳದ ಶಾಲೆಗಳಿಗೆ ತಲುಪಿತು. ಬೇಯಿಸಿ, ಒಣಗಿಸಿ, ಒಡೆದ ಬಲ್ಗರ್ ಗೋಧಿ. ಮೆಕ್ಕೆಜೋಳ ಮತ್ತು ಸೋಯಾ ಬೆರೆತ ಹಳದಿ ಹಿಟ್ಟು. ಕೈಕುಲುಕುವ ಎರಡು ಹಸ್ತಗಳ ಚಿತ್ರವಿದ್ದ ಎಣ್ಣೆ ಡಬ್ಬಿ. ಮನೆಯಲ್ಲಿ ತುಳುವಾಡುವವರಿಗೆ ಅದು ಸಜ್ಜಿಗೆ, ಮಲಯಾಳಿ ನೆರೆಯವರಿಗೆ ಉಪ್ಪುಮಾವು, ತರಗತಿಯಲ್ಲಿ ಉಪ್ಪಿಟ್ಟು. ಭಾಷೆಯ ಗೋಡೆಗಳು ಎದ್ದ ಈ ನೆಲದಲ್ಲಿ ಎಲೆಯ ಮುಂದೆ ಅಂಥ ಗೋಡೆ ಇರಲಿಲ್ಲ.

ಹಸಿವು ರುಚಿಯನ್ನರಿಯದು ಎಂಬ ಗಾದೆಯಿದೆ. ನನ್ನ ಅನುಭವಕ್ಕೆ ಅದು ಒಪ್ಪುವುದಿಲ್ಲ. ಹಸಿದವನು ಅರಿತಷ್ಟು ರುಚಿಯನ್ನು ಹೊಟ್ಟೆ ತುಂಬಿದವನು ಅರಿಯಲಾರ. ಮನೆಯಿಂದ ಬುತ್ತಿ ತಂದವರಿಗೆ ಉಪ್ಪಿಟ್ಟು ಆಸೆಯ ವಸ್ತುವಾಗಿತ್ತು; ಅದನ್ನೇ ನಂಬಿ ಬಂದವರಿಗೆ ಹಿಟ್ಟಿನ ಮುಗ್ಗು ವಾಸನೆಯೂ, ಪಾತ್ರೆ ಬರಿದಾಗುವ ಭಯವೂ ಸೇರಿದ ನೆನಪು. ಒಂದೇ ಬಾಣಲೆಯಿಂದ ಬಡಿಸಿದ ತುತ್ತು ಇಬ್ಬರಿಗೂ ಒಂದೇ ಆಗಿರಲಿಲ್ಲ. ಆದುದರಿಂದ ಯಾರ ಮಾತೂ ಸುಳ್ಳಲ್ಲ.

ಆ ಧಾನ್ಯದ ಹಿಂದೆ ಪರದೇಶದ ರಾಜಕಾರಣವಿತ್ತೆಂದು ಬಲ್ಲವರು ಹೇಳುವುದುಂಟು. ಅದು ದಿಟವೇ. 1965-66ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ನರು ಹಡಗುಗಳನ್ನು ಅಳೆದಳೆದು ಕಳುಹಿಸಿ ಭಾರತವನ್ನು ಅಂಕೆಯಲ್ಲಿಡಲು ಯತ್ನಿಸಿದರು. ಆ ಅವಮಾನ ದೇಶ ನಡೆಸಿದವರು ಯೋಚಿಸಬೇಕಾದ ವಿಷಯ. ಉಂಡ ಮಗುವಿನ ಹೆಗಲಿಗೆ ಅದನ್ನು ಹೊರಿಸಲಾಗದು.

ಕಾಲವೂ ಮುಂದೆ ನಡೆದಿದೆ. 1984ರಲ್ಲಿ ಕೇರಳದ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಗಂಜಿ ಮತ್ತು ಹೆಸರುಕಾಳು ಬಂದವು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಆದೇಶಿಸಿತು. 2013ರ ಆಹಾರ ಭದ್ರತಾ ಕಾಯಿದೆಯು ಅದನ್ನು ಮಕ್ಕಳ ಹಕ್ಕನ್ನಾಗಿಸಿತು. ದಾನವಾಗಿ ಬಂದದ್ದು ಹಕ್ಕಾಗಿ ನಿಂತಿತು. ಇಷ್ಟಾದ ಮೇಲೂ ಉಪ್ಪಿಟ್ಟಿನ ಹೆಸರು ಹೇಳಲು ಹಿಂಜರಿಯುವುದು, ಇಂದು ಶಾಲೆಯಲ್ಲಿ ಉಣ್ಣುತ್ತಿರುವ ಮಕ್ಕಳಿಗೂ ನಾಚಿಕೆಯನ್ನು ಕಲಿಸಿದಂತೆ.

ಕನ್ನಡ ಶಾಲೆಗೆ ಮಕ್ಕಳು ಬಂದದ್ದು ಉಪ್ಪಿಟ್ಟಿಗಾಗಿ ಎಂದು ಹಂಗಿಸಿದವರಿಗೆ ನನ್ನ ಉತ್ತರ ಇಷ್ಟೆ: ಬಂದಿರಲಿ, ಬಂದವರು ಅಕ್ಷರವನ್ನೂ ಕಲಿತರು. ಹೆಮಿಂಗ್ಸನನ್ನು ನೆನೆಯಲು ಅಮೆರಿಕ ಎರಡು ಶತಮಾನ ತೆಗೆದುಕೊಂಡಿತು. ನಮ್ಮ ಶಾಲೆಯ ಅಂಗಳದಲ್ಲಿ ಹೊಗೆ ಕುಡಿದು ಬಾಣಲೆ ತಿರುವಿದ ತಾಯಂದಿರ ವಿಷಯದಲ್ಲಿ ನಾವು ಅಷ್ಟು ತಡ ಮಾಡಬೇಕಿಲ್ಲ. ದಾನಿಗಳ ನಾಮಾವಳಿಯ ಪಕ್ಕದ ಪುಟದಲ್ಲಿ ಅವರ ಹೆಸರುಗಳೂ ಇರಲಿ. ಉಂಡವರು ಬದುಕಿರುವಾಗಲೇ ಅವನ್ನು ಕೇಳಿ ಬರೆದಿಟ್ಟುಕೊಳ್ಳೋಣ.