ವೈರಾಣುವಿನ ಕೆಮ್ಮಿಗೆ ಎಷ್ಟು ಬಾಟಲಿ?

2025ರ ಜನವರಿ ಮೊದಲ ವಾರದಲ್ಲಿ ಬೆಂಗಳೂರಿನ ಇಬ್ಬರು ಹಸುಳೆಗಳಲ್ಲಿ ಎಚ್‌ಎಂಪಿವಿ ಎಂಬ ವೈರಾಣು ಪತ್ತೆಯಾದ ಸುದ್ದಿ ಹೊರಬಿದ್ದಾಗ ಉಂಟಾದ ಗಾಬರಿ ಓದುಗರಿಗೆ ನೆನಪಿರಬಹುದು. ಒಂದು ಮಗುವಿಗೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು ತಿಂಗಳು. ಮತ್ತೊಂದು ಕೋವಿಡ್ ಬಂದೇ ಬಿಟ್ಟಿತೆಂಬಂತೆ ದೂರದರ್ಶನದ ವಾಹಿನಿಗಳು ದಿನವಿಡೀ ಕೂಗಿದವು. ಶಾಲೆ ಮುಚ್ಚುತ್ತಾರೆಯೇ, ಮಗುವನ್ನು ಹೊರಗೆ ಕರೆದೊಯ್ಯಬಹುದೇ ಎಂದು ಕೇಳುವ ತಂದೆತಾಯಿಯರ ಕರೆಗಳಿಂದ ಆ ವಾರವೆಲ್ಲ ನನ್ನ ಫೋನಿಗೆ ಬಿಡುವಿರಲಿಲ್ಲ.

ಮಕ್ಕಳ ವೈದ್ಯನಾದ ನನಗೆ ಆಗ ಆಶ್ಚರ್ಯ ತಂದದ್ದು ವೈರಾಣುವಲ್ಲ, ಅದರ ಬಗೆಗಿನ ನಮ್ಮ ಅಜ್ಞಾನ. ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಈ ವೈರಾಣುವನ್ನು ಗುರುತಿಸಿದ್ದು 2001ರಲ್ಲಿ. 1958ರಿಂದ ಕಾದಿರಿಸಿದ್ದ ರಕ್ತದ ಮಾದರಿಗಳಲ್ಲೂ ಅದರ ಹೆಜ್ಜೆಗುರುತು ಸಿಕ್ಕಿತ್ತು. ಅಂದರೆ ನಮ್ಮಲ್ಲಿ ಬಹುಪಾಲು ಮಂದಿ ಬಾಲ್ಯದಲ್ಲೇ ಈ ಸೋಂಕನ್ನು ಉಂಡು ಎದ್ದವರು. ಹೊಸತಾಗಿದ್ದದ್ದು ವೈರಾಣುವಲ್ಲ, ಪರೀಕ್ಷೆ. ಪ್ರತಿ ವರ್ಷ ಮಕ್ಕಳ ವಾರ್ಡುಗಳನ್ನು ತುಂಬಿಸುವ ಕಾಯಿಲೆಯ ಹೆಸರು ಕೇಳಿಯೇ ನಾವು ಬೆಚ್ಚಿದೆವು. ಪರೀಕ್ಷೆ ಮಾಡದೆ ಇದ್ದಿದ್ದರೆ ಅದೇ ಕಾಯಿಲೆಗೆ ಯಾರೂ ಬೆಚ್ಚುತ್ತಿರಲಿಲ್ಲ.

ಮಳೆಗಾಲದ ಉತ್ತರಾರ್ಧದಲ್ಲಿ ಯಾವುದೇ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗಿ ನೋಡಿ. ಒಂದೊಂದು ಹಾಸಿಗೆಯ ಮೇಲೂ ಏದುಸಿರು ಬಿಡುವ ಕೂಸು, ಪಕ್ಕದಲ್ಲಿ ನಿದ್ದೆಗೆಟ್ಟ ತಾಯಿ. ಇವುಗಳಲ್ಲಿ ಹೆಚ್ಚಿನ ಕೂಸುಗಳ ಕಾಯಿಲೆಗೆ ಮೂಲ ವೈರಾಣು. ಭಾರತದಂಥದೇ ಪರಿಸ್ಥಿತಿಯ ಏಳು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನವೊಂದು, ತೀವ್ರ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಸುಮಾರು ಶೇ 61ರಷ್ಟು ಪ್ರಕರಣಗಳಿಗೆ ವೈರಾಣುಗಳೇ ಕಾರಣವೆಂದು ಅಂದಾಜಿಸಿತು. ಅವುಗಳ ಪೈಕಿ ಆರ್‌ಎಸ್‌ವಿ ಒಂದರದೇ ಪಾಲು ಒಟ್ಟು ಪ್ರಕರಣಗಳ ಶೇ 31. ನಮ್ಮ ನೆರೆಯ ಬಾಂಗ್ಲಾದೇಶವೂ ಆ ಅಧ್ಯಯನದಲ್ಲಿತ್ತು.

1956ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ನೆಗಡಿಯಾಗಿದ್ದ ಚಿಂಪಾಂಜಿಗಳಲ್ಲಿ ಮೊದಲು ಕಂಡ ಈ ಆರ್‌ಎಸ್‌ವಿ, ಬೆಳೆದವರಿಗೆ ಬರಿಯ ಶೀತ. ಆರು ತಿಂಗಳೊಳಗಿನ ಕೂಸಿಗೆ ಹಾಗಲ್ಲ. ಅದರ ಶ್ವಾಸಕೋಶದ ಕಿರುನಾಳಗಳು ಮೊದಲೇ ಸೂಕ್ಷ್ಮ; ಒಳಪೊರೆ ತುಸು ಊದಿಕೊಂಡು, ಲೋಳೆ ಕಟ್ಟಿಕೊಂಡರೆ ಸಾಕು, ಗಾಳಿಯ ದಾರಿ ಮುಚ್ಚುತ್ತದೆ. ಕೂಸು ಹಾಲು ಕುಡಿಯಲಾರದು, ಪಕ್ಕೆಗಳು ಒಳಸರಿಯುತ್ತವೆ, ತುಟಿ ನೀಲಿಗಟ್ಟುತ್ತದೆ. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಈ ವೈರಾಣುವಿಗೆ ಬಲಿಯಾದರೆಂದು 2022ರ ಅಂದಾಜು ಹೇಳುತ್ತದೆ. ಅವರಲ್ಲಿ ಶೇ 97ಕ್ಕೂ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ವರಮಾನದ ದೇಶಗಳವರು. ವೈರಾಣು ಎಲ್ಲರಿಗೂ ಒಂದೇ. ಸಾವು ಮಾತ್ರ ಆದಾಯ ನೋಡಿ ಬರುತ್ತದೆ.

ಇಂಥ ಕೂಸಿಗೆ ಬೇಕಾದ ಚಿಕಿತ್ಸೆ ಏನು? ಆಮ್ಲಜನಕ, ದ್ರವಾಹಾರ, ಮೂಗಿನ ಶುಚಿತ್ವ, ಎಚ್ಚರದ ಕಣ್ಣು. ಆ್ಯಂಟಿಬಯೋಟಿಕ್ ವೈರಾಣುವನ್ನು ಮುಟ್ಟುವುದಿಲ್ಲ. ಆದರೆ ನಮ್ಮಲ್ಲಿ ನಡೆಯುವುದೇ ಬೇರೆ. ಕೆಲವು ವರ್ಷಗಳ ಹಿಂದೆ ಅಜ್ಜಿಯೊಬ್ಬಳು ಐದು ತಿಂಗಳ ಮೊಮ್ಮಗನನ್ನು ನನ್ನ ಬಳಿ ತಂದಾಗ ಜತೆಗೆ ಒಂದು ಪ್ಲಾಸ್ಟಿಕ್ ಚೀಲವನ್ನೂ ತಂದಿದ್ದಳು. ಮೂರು ಕಡೆ ತೋರಿಸಿ ಬಂದ ಗುರುತಾಗಿ ಅದರಲ್ಲಿ ಎರಡು ಬಗೆಯ ಆ್ಯಂಟಿಬಯೋಟಿಕ್, ಮೂರು ಬಗೆಯ ಕೆಮ್ಮಿನ ಸಿರಪ್. ಕೂಸಿನ ಆಮ್ಲಜನಕದ ಪ್ರಮಾಣವನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಬೆರಳಿಗೆ ಸಿಕ್ಕಿಸುವ ಪುಟ್ಟ ಉಪಕರಣ ಅದನ್ನು ಒಂದು ನಿಮಿಷದಲ್ಲಿ ಹೇಳುತ್ತಿತ್ತು. ನಾಲ್ಕು ದಿನ ಆಮ್ಲಜನಕ ಕೊಟ್ಟೆವು, ಮಗು ಚೇತರಿಸಿಕೊಂಡಿತು. ಮನೆಗೆ ಹೊರಟಾಗ ಅಜ್ಜಿ, ‘ಸ್ವಾಮಿ, ಒಂದು ಸೂಜಿಯನ್ನೂ ಹಾಕಲಿಲ್ಲವಲ್ಲ’ ಎಂದಳು. ಅದು ಕೃತಜ್ಞತೆಯೋ ದೂರೋ ನನಗೆ ಇಂದಿಗೂ ತಿಳಿಯದು.

ಇದನ್ನು ಬರೆಯುವಾಗ ನಾನು ತಪ್ಪಿತಸ್ಥರ ಸಾಲಿನ ಹೊರಗೆ ನಿಂತಿಲ್ಲ. ‘ಒಂದು ವೇಳೆ ಬ್ಯಾಕ್ಟೀರಿಯಾ ಆಗಿದ್ದರೆ’ ಎಂಬ ಅಳುಕಿನಿಂದ, ಔಷಧಿಯಿಲ್ಲದೆ ಕಳುಹಿಸಿದರೆ ಪೋಷಕರು ಬೇರೆ ವೈದ್ಯರ ಬಳಿ ಹೋಗುತ್ತಾರೆಂಬ ಅಂಜಿಕೆಯಿಂದ, ಅನಗತ್ಯವಾದ ಆ್ಯಂಟಿಬಯೋಟಿಕ್ ಅನ್ನು ಎಷ್ಟೋ ಬಾರಿ ನಾನೂ ಬರೆದಿದ್ದೇನೆ. ವೈರಾಣುವಿನ ಮೇಲೆ ಬ್ಯಾಕ್ಟೀರಿಯಾದ ಸೋಂಕೂ ಸೇರಿಕೊಂಡಾಗ ಅದು ಜೀವ ಉಳಿಸುವ ಔಷಧಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಕೆಮ್ಮಿಗೂ ಕೊಟ್ಟ ಔಷಧಿ, ನಿಜವಾಗಿ ಬೇಕಾದ ದಿನ ಕೈಕೊಡುತ್ತದೆ. ಅಂಥ ದಿನಗಳನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ ನಾವು ಈಗಾಗಲೇ ಕಾಣುತ್ತಿದ್ದೇವೆ.

ಸಿರಪ್‌ಗಳ ಕಥೆ ಇನ್ನೂ ಘೋರ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ವಿಷ ಬೆರೆಸಿದವರನ್ನು ಶಿಕ್ಷಿಸಬೇಕು, ಸರಿ. ಆದರೆ ಶುದ್ಧವಾಗಿದ್ದರೂ ಆ ಸಿರಪ್ ಆ ವಯಸ್ಸಿನ ಮಕ್ಕಳಿಗೆ ಬೇಕಿರಲಿಲ್ಲವೆಂಬ ಮಾತನ್ನು ಎಷ್ಟು ಜನ ಆಡಿದರು?

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಕ್ಕಳ ಬೆರಳಿಗೆ ಹೊಂದುವ ಆಕ್ಸಿಮೀಟರ್, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಅಡಚಣೆಯಿಲ್ಲದ ಆಮ್ಲಜನಕ ಇರಬೇಕು. ಎರಡನೆಯದಾಗಿ, ಕೋವಿಡ್ ಕಾಲದಲ್ಲಿ ಜಿಲ್ಲೆಗಳಲ್ಲಿ ಸ್ಥಾಪಿಸಿದ ಆರ್‌ಟಿ-ಪಿಸಿಆರ್ ಪ್ರಯೋಗಾಲಯಗಳನ್ನು ಮಕ್ಕಳ ವಾರ್ಡಿನ ಸೋಂಕುಗಳ ನಿಗಾಕ್ಕೆ ಬಳಸಿಕೊಳ್ಳಬೇಕು. ಪ್ರತಿ ಮಗುವಿಗೂ ದುಬಾರಿ ಪರೀಕ್ಷೆ ಬೇಕೆಂದಲ್ಲ. ಆರೋಗ್ಯವಂತ ಮಕ್ಕಳ ಮೂಗಿನಲ್ಲೂ ಕೆಲವು ವೈರಾಣುಗಳು ಸಿಗುವುದರಿಂದ ವರದಿಯೊಂದೇ ರೋಗವನ್ನು ನಿರ್ಣಯಿಸದು. ಆದರೆ ಯಾವ ತಿಂಗಳು, ಯಾವ ಜಿಲ್ಲೆಯಲ್ಲಿ, ಯಾವ ವೈರಾಣು ಹರಡುತ್ತಿದೆಯೆಂದು ತಿಳಿದ ವೈದ್ಯನ ಕೈ ಆ್ಯಂಟಿಬಯೋಟಿಕ್ ಬರೆಯುವ ಮುನ್ನ ಒಂದು ಕ್ಷಣ ತಡೆಯುತ್ತದೆ.

ಮೂರನೆಯದು ತಡೆಗಟ್ಟುವಿಕೆ. 1966ರಲ್ಲಿ ಅಮೆರಿಕದಲ್ಲಿ ಪ್ರಯೋಗಿಸಿದ ಮೊದಲ ಆರ್‌ಎಸ್‌ವಿ ಲಸಿಕೆ ಕಾಯಿಲೆಯನ್ನು ಉಲ್ಬಣಗೊಳಿಸಿ ಇಬ್ಬರು ಶಿಶುಗಳ ಸಾವಿಗೆ ಕಾರಣವಾಯಿತು. ಆ ಆಘಾತದಿಂದ ಚೇತರಿಸಿಕೊಳ್ಳಲು ವಿಜ್ಞಾನಕ್ಕೆ ಅರ್ಧ ಶತಮಾನವೇ ಬೇಕಾಯಿತು. ಈಗ ಎರಡು ಸಾಧನಗಳಿವೆ: ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಕೊಡುವ ಲಸಿಕೆ ಮತ್ತು ಶಿಶುವಿಗೆ ಒಂದೇ ಬಾರಿ ಕೊಡುವ ಪ್ರತಿಕಾಯದ ಚುಚ್ಚುಮದ್ದು. ಇವೆರಡರಲ್ಲಿ ಒಂದನ್ನಾದರೂ ಎಲ್ಲ ದೇಶಗಳೂ ಜಾರಿಗೆ ತರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇವುಗಳಿಗೆ ಇನ್ನೂ ಸ್ಥಾನ ದೊರೆತಿಲ್ಲ.

ದುಬಾರಿ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ನ್ಯುಮೊಕಾಕಸ್ ಲಸಿಕೆಯ ಬಗೆಗೂ ಇದೇ ಮಾತು ಕೇಳಿಬಂದಿತ್ತು. 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಆರಂಭವಾದ ಅದು, 2020ರ ಕೊನೆಯಲ್ಲಿ ದೇಶೀಯ ಲಸಿಕೆ ಸಿದ್ಧವಾದ ಮೇಲೆ, 2021ರಲ್ಲಿ ಇಡೀ ದೇಶದ ಮಕ್ಕಳಿಗೆ ಉಚಿತವಾಗಿ ದೊರೆಯಿತು. ಸಂಕಲ್ಪವಿದ್ದರೆ ಬೆಲೆ ಇಳಿಯುತ್ತದೆ ಎಂಬುದಕ್ಕೆ ನಮ್ಮದೇ ನಿದರ್ಶನವಿರುವಾಗ ಬೇರೆಡೆ ಹುಡುಕಬೇಕಿಲ್ಲ.

ಪೋಷಕರು ತಿಳಿಯಬೇಕಾದದ್ದೂ ಇದೆ. ಮಗು ಶಾಂತವಾಗಿರುವಾಗ ಒಂದು ಪೂರ್ಣ ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪಕ್ಕೆ ಒಳಸೆಳೆಯುತ್ತಿದ್ದರೆ, ಹಾಲು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಹಾಗಿಲ್ಲದಿದ್ದರೆ ವೈದ್ಯರು ‘ಔಷಧಿ ಬೇಡ, ಎದೆಹಾಲು ಕೊಡುತ್ತಿರಿ, ನಾಳೆ ಮತ್ತೆ ತೋರಿಸಿ’ ಎಂದಾಗ ಅದನ್ನು ಉಪೇಕ್ಷೆಯೆಂದು ತಿಳಿಯಬೇಡಿ. ಹಾಗೆ ಹೇಳಲು ವೈದ್ಯನಿಗೆ ಧೈರ್ಯ ಬೇಕು. ಆ ಧೈರ್ಯವನ್ನು ಕೊಡಬೇಕಾದವರು ನೀವೇ.