ಜಾಗ ಇದ್ದೂ ಜಾಗ ಇಲ್ಲ!

ಶುಕ್ರವಾರ ರಾತ್ರಿ ಒಂಬತ್ತೂಮುಕ್ಕಾಲು. ಜೆಪಿ ನಗರದ ನಮ್ಮ ಮನೆಯಲ್ಲಿ ಆಗಷ್ಟೇ ಊಟ ಮುಗಿದಿತ್ತು. ಬಿಟಿಎಂ ಲೇಔಟಿನ ಆಫೀಸಿನಿಂದ ಹುಡುಗನ ಫೋನ್. "ಮೇಡಂ, ಲ್ಯಾಬ್ ಸರ್ವರ್ ನಿಂತೋಯ್ತು. ಒಳಗೆ ನೋಡಿದಾಗ ಮುನ್ನೂರು ಜಿಬಿ ಖಾಲಿ ಇತ್ತು. ಆದ್ರೂ ಜಾಗ ಇಲ್ಲ ಅಂತಿದೆ!"

ನಾವು ನೋಡಿಕೊಳ್ಳುವ ಕೆಲಸಗಳಲ್ಲಿ ಒಂದು ಚಿಕ್ಕ ಆಸ್ಪತ್ರೆಯ ರಕ್ತಪರೀಕ್ಷೆ ವರದಿಗಳದ್ದು. ಅಲ್ಲಿ ಆಗಲೇ ಜನ ಕಾಯುತ್ತಿದ್ದರು.

ಒಂದೇ ದೊಡ್ಡ ಯಂತ್ರದೊಳಗೆ ಹತ್ತಾರು ಕಂಪ್ಯೂಟರ್‌ಗಳಿರುವಂತೆ ನಡೆಸುವುದಕ್ಕೆ ವರ್ಚುವಲೈಸೇಶನ್ ಅಂತಾರೆ. ಇದನ್ನು ಮನೆಮಾತಾಗಿಸಿದ ವಿಎಂವೇರ್ 1998ರಲ್ಲಿ ಶುರುವಾದದ್ದು, 2023ರಲ್ಲಿ ಬ್ರಾಡ್‌ಕಾಮ್ ಪಾಲಾಯಿತು. ಬನ್ನೇರುಘಟ್ಟ ರಸ್ತೆ ಬಳಿಯ ಅದರ ಕಚೇರಿ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ.

ಹುಡುಗನ ಗೊಂದಲ ಸಹಜವೇ. ಮದುವೆ ಛತ್ರದ ಊಟದ ಮನೆಯಲ್ಲಿ ಮುನ್ನೂರು ಎಲೆಗೆ ಜಾಗ ಇದ್ದರೂ ಎಂಟುನೂರು ಜನಕ್ಕೆ ಕರೆಯೋಲೆ ಕೊಡ್ತೀವಲ್ಲ? ಎಲ್ಲರೂ ಒಂದೇ ಪಂಕ್ತಿಗೆ ಬರಲ್ಲ ಅನ್ನೋ ಧೈರ್ಯ. ಸ್ಟೋರೇಜಿನಲ್ಲಿ ಅದಕ್ಕೆ ಥಿನ್ ಪ್ರಾವಿಷನಿಂಗ್ ಅಂತ ಹೆಸರು. ನಮ್ಮಲ್ಲಿದ್ದದ್ದು 2 ಟಿಬಿ, ಯಂತ್ರಗಳಿಗೆ ಮಾತು ಕೊಟ್ಟದ್ದು ಮೂರೂವರೆ. ಒಳಗಿನ ಯಂತ್ರಕ್ಕೆ ತನ್ನ ಕರೆಯೋಲೆ ಮಾತ್ರ ಕಾಣುತ್ತೆ, ಛತ್ರ ತುಂಬಿರೋದು ಕಾಣಲ್ಲ. ಸಂಜೆ ಸ್ಲೋ ಆದಾಗ ಅವನು ಒಳಗಿಂದ ಹಳೇ ಲಾಗ್ ಫೈಲುಗಳನ್ನು ಅಳಿಸಿದ್ದ. ಹೊರಗೆ ಒಂದು ಎಲೆಯಷ್ಟೂ ಜಾಗ ಆಗಿರಲಿಲ್ಲ.

"ಮೇಡಂ, ಡೆಲ್ಟಾ ಅಂತ ಒಂದು ಫೈಲ್ ನಾನೂರು ಜಿಬಿ ಇದೆ. ಡಿಲೀಟ್ ಮಾಡ್ಲಾ?"

"ಮುಟ್ಟಬೇಡಪ್ಪಾ!" ನಾನು ಕೂಗಿದ್ದಕ್ಕೆ ದೇವರಮನೆಯಿಂದ ಅತ್ತೆ ಓಡಿ ಬಂದರು.

ಅದು ಸ್ನ್ಯಾಪ್‌ಶಾಟಿನ ಫೈಲು. ಸ್ನ್ಯಾಪ್‌ಶಾಟ್ ಅಂದ್ರೆ ಫೋಟೋ ಅಂದುಕೊಳ್ಳಬೇಡಿ. ಅಂಗಡಿಯ ಲೆಕ್ಕದ ಪುಸ್ತಕ ಮುಚ್ಚಿಟ್ಟು, ಇವತ್ತಿನಿಂದ ಬಿಡಿ ಹಾಳೆಯಲ್ಲಿ ಬರೀತಾ ಹೋಗೋದು ಅಂತಿಟ್ಟುಕೊಳ್ಳಿ. ಆ ಬಿಡಿ ಹಾಳೆಗಳೇ ಡೆಲ್ಟಾ. ಬಿಸಾಕಿದರೆ ಮೂರು ವಾರದ ವರದಿಗಳೆಲ್ಲ ಹೋದ ಹಾಗೆ. ಮೆನುವಿನಲ್ಲಿ ಸ್ನ್ಯಾಪ್‌ಶಾಟ್ ಡಿಲೀಟ್ ಅಂತ ಇರೋದು ಬೇರೆ: ಅದು ಹಾಳೆಗಳನ್ನು ಪುಸ್ತಕಕ್ಕೆ ನಕಲು ಮಾಡಿ, ಆಮೇಲೆ ಬಿಸಾಕುತ್ತೆ. ಹೆಸರು ಇಟ್ಟವರಿಗೆ ಏನನ್ನೋಣ. ಆ ನಕಲು ಮಾಡೋಕೂ ಸ್ವಲ್ಪ ಜಾಗ ಬೇಕು. ನಮ್ಮಲ್ಲಿ ಸೊನ್ನೆ.

ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದೆ. ಪರೀಕ್ಷೆಗಂತ ಇಟ್ಟಿದ್ದ ಯಂತ್ರ ಒಂದಿತ್ತು, 32 ಜಿಬಿ ಮೆಮೊರಿಯದು. ಓಡುವ ಪ್ರತಿ ಯಂತ್ರವೂ ಸಾಮಾನ್ಯವಾಗಿ ತನ್ನ ಮೆಮೊರಿಯಷ್ಟೇ ದೊಡ್ಡ ಸ್ವಾಪ್ ಫೈಲ್ ಇಟ್ಟುಕೊಂಡಿರುತ್ತೆ, ಆರಿಸಿದರೆ ಅದು ಮಾಯ. ಆರಿಸಿದೆ, 32 ಜಿಬಿ ಸಿಕ್ಕಿತು. ಲ್ಯಾಬ್ ಯಂತ್ರ ಕೇಳಿಕೊಂಡು ನಿಂತಿದ್ದ ಪ್ರಶ್ನೆಗೆ 'ರೀಟ್ರೈ' ಒತ್ತಿದೆ. ಉಸಿರಾಡಿತು! ಹತ್ತೂವರೆಗೆ ಲ್ಯಾಬಿನಿಂದ ವರದಿಗಳು ಬರ್ತಿವೆ ಅಂತ ಮೆಸೇಜ್. ಪರೀಕ್ಷೆ ಯಂತ್ರವನ್ನೇ ಬೇರೆ ಡಿಸ್ಕಿಗೆ ಸಾಗಿಸಿದ ಮೇಲೆ ಇನ್ನೂ ನೂರೈವತ್ತು ಜಿಬಿ ತೆರವಾಯಿತು. ಆಮೇಲೇ ಸ್ನ್ಯಾಪ್‌ಶಾಟಿಗೆ ಕೈ ಹಾಕಿದ್ದು.

ಅದು ತೊಂಬತ್ತೊಂಬತ್ತಕ್ಕೆ ಬಂದು ಕೂತುಬಿಡ್ತು. ಆಗ ಗಾಬರಿಯಾಗಿ ನಿಲ್ಲಿಸಬಾರದು, ಒಳಗೆ ಬರೆಯೋದು ನಡೀತಾನೇ ಇರುತ್ತೆ. ಬೆಳಗ್ಗೆ ಐದೂವರೆಗೆ ಅತ್ತೆ ಕಾಫಿ ತಂದು, "ಆ ತೊಂಬತ್ತೊಂಬತ್ತನ್ನ ಎಷ್ಟು ಹೊತ್ತು ನೋಡ್ತೀಯೇ, ಕಾಫಿ ಆರೋಗುತ್ತೆ" ಅಂದರು. ಆರು ಗಂಟೆಗೆ ಮುಗಿಯಿತು.

ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಡಬೇಡಿ ಅಂತ ವಿಎಂವೇರಿನದೇ ಸಲಹೆ ಇದೆ. ನಮ್ಮದಕ್ಕೆ ಮೂರು ವಾರ. ಯಾರು ಮಾಡಿದ್ದು ಅಂತ ರಾತ್ರಿ ಹುಡುಗ ಎರಡು ಸಲ ಕೇಳಿದ್ದ. ನಾನು ಮಾತು ಮರೆಸಿದ್ದೆ. ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: 'ಅಪ್‌ಗ್ರೇಡಿಗೆ ಮುಂಚೆ. ನಾಳೆ ತೆಗೆಯಬೇಕು.' ಕೆಳಗೆ ನನ್ನ ಹೆಸರು.

ಸೋಮವಾರ ಅವನಿಗೆ ಹೇಳಿದೆ. "ಗೊತ್ತಿತ್ತು ಮೇಡಂ, ನೀವೇ ಹೇಳ್ತೀರ ಅಂತ ಸುಮ್ಮನಿದ್ದೆ" ಅಂದ. ಆಮೇಲೆ ಇಬ್ಬರೂ ಕೂತು, ಡಿಸ್ಕ್ ಶೇ. 80 ತುಂಬಿದರೆ ಇಬ್ಬರ ಮೊಬೈಲಿಗೂ ಮೆಸೇಜ್ ಬರುವ ಹಾಗೆ ಮಾಡಿದೆವು.