ವಿಲನ್ ನನ್ನ ತಟ್ಟೆಯಲ್ಲೇ ಕೂತಿದ್ದ!



ಈ ವಾರ ಗಾಂಧಿನಗರದ ಗುಸುಗುಸು ಇಲ್ಲ. ಯಾವ ಹೀರೋ ಯಾವ ನಿರ್ದೇಶಕರ ಮೇಲೆ ಮುನಿಸಿಕೊಂಡರು, ಯಾರ ಚಿತ್ರದ ಮುಹೂರ್ತ ಮುಂದಕ್ಕೆ ಹೋಯಿತು, ಅದೆಲ್ಲ ಮುಂದಿನ ವಾರಕ್ಕಿರಲಿ. ಬೈಯಬೇಡಿ, ಕಾರಣ ಇದೆ.

ಕಳೆದ ವಾರ ಒಂದು ಸೆಟ್ಟಿನಲ್ಲಿ ಊಟದ ಬಿಡುವು. ನಾನು ಚೀಲದಿಂದ ಡಬ್ಬಿ ತೆಗೆದು ಮುದ್ದೆ ಮುರಿಯುತ್ತಿದ್ದೆ. ಪಕ್ಕದಲ್ಲಿ ಪರೋಟ ಹಿಡಿದು ಕೂತಿದ್ದ ಹೊಸ ಲೈಟ್ ಬಾಯ್ ಕೇಳಿದ: “ಏನ್ ಸಾರ್, ಪ್ರೊಡಕ್ಷನ್ ಊಟ ಬಿಟ್ಟು ಮನೆ ಡಬ್ಬಿ? ಡಯೆಟ್ಟಾ? ಹೀರೋ ಆಗೋ ಪ್ಲಾನಾ?” ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಹುಡುಗನ ಮುಖ ನೋಡಿದವನಿಗೆ ನಗು ಅರ್ಧಕ್ಕೇ ನಿಂತಿತು. ಬಿಳಿಚಿಕೊಂಡ ಮುಖ, ಕಣ್ಣ ಕೆಳಗೆ ಕಪ್ಪು. ಬೆಳಗಿನಿಂದ ಮೂರು ಸಲ ಹೊಟ್ಟೆ ಹಿಡಿದುಕೊಂಡು ಓಡಿದ್ದನ್ನು ನಾನೇ ಕಂಡಿದ್ದೆ. ಕನ್ನಡಿಯಲ್ಲಿ ನನ್ನ ಹಳೇ ಮುಖ ನೋಡಿದ ಹಾಗಾಯಿತು.

ಆದ್ದರಿಂದ ಈ ವಾರ ನನ್ನದೇ ಕಥೆ. ಫ್ಲ್ಯಾಷ್‌ಬ್ಯಾಕ್!

ನಾನು ಈ ರಂಗಕ್ಕೆ ಬಂದದ್ದು ಕ್ಯಾಮೆರಾ ಮುಂದಿನಿಂದಲೂ ಅಲ್ಲ, ಹಿಂದಿನಿಂದಲೂ ಅಲ್ಲ... ಗೋಡೆಯಿಂದ! ದಾವಣಗೆರೆಯಲ್ಲಿ ಪೋಸ್ಟರ್ ಅಂಟಿಸುವ ಹುಡುಗ ನಾನು. 2002ರಲ್ಲಿ ಬಂದ ‘ತವರಿಗೆ ಬಾ ತಂಗಿ’ ಚಿತ್ರದ ಪೋಸ್ಟರುಗಳನ್ನು ರಾತ್ರಿಯೆಲ್ಲ ಅಂಟಿಸಿದ್ದು ಇವತ್ತಿಗೂ ನೆನಪಿದೆ. ಅಂಟು ಯಾವುದು ಗೊತ್ತಲ್ಲ? ಮೈದಾ! ಬಕೆಟ್ಟಿನಲ್ಲಿ ಮೈದಾ ಕಲಸಿ ಕುದಿಸಿದರೆ ಮುಗಿಯಿತು. ಒಮ್ಮೆ ಗೋಡೆಗೆ ಹತ್ತಿದರೆ ಮಳೆ ಬಂದರೂ ಸುಲಭಕ್ಕೆ ಬಿಡೋದಿಲ್ಲ. ಅದೇ ಅಂಟು ನನ್ನ ಕರುಳಿನ ಜೊತೆ ಆಟ ಆಡುತ್ತಿದೆ ಅಂತ ಆಗ ಯಾರಿಗೆ ಗೊತ್ತಿತ್ತು?

2005ರಲ್ಲಿ ಬೆಂಗಳೂರಿಗೆ ಬಂದು ಅಸಿಸ್ಟೆಂಟ್ ಡೈರೆಕ್ಟರ್ ಆದೆ. ಹೆಸರು ದೊಡ್ಡದು, ಕೆಲಸ ಕ್ಲ್ಯಾಪ್ ಹೊಡೆಯೋದು. ಬೆಳಿಗ್ಗೆ ಯೂನಿಟ್ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ, ಸಂಜೆ ಬನ್ನು-ಟೀ, ರಾತ್ರಿ ಪರೋಟ. ಹೊಟ್ಟೆ ಉಬ್ಬರ, ಭೇದಿ, ಸುಸ್ತು... ದಿನಾ ಇದ್ದದ್ದೇ. 58 ಕೇಜಿ ಇದ್ದವನು 43ಕ್ಕೆ ಇಳಿದೆ. ಯೂನಿಟ್ಟಿನಲ್ಲಿ ‘ಕಡ್ಡಿ’ ಅಂತ ನಾಮಕರಣವೂ ಆಯಿತು. ಒಬ್ಬ ವೈದ್ಯರು ಗ್ಯಾಸ್ ಅಂದರು, ಇನ್ನೊಬ್ಬರು ಜಂತುಹುಳು ಅಂದರು, ಮತ್ತೊಬ್ಬರಿಗೆ ಟಿ.ಬಿ. ಅನುಮಾನ. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ರಕ್ತ ಏರಲಿಲ್ಲ.

2009ರಲ್ಲಿ ಒಂದು ರಾತ್ರಿ ಶೂಟಿಂಗ್. ಕ್ಲ್ಯಾಪ್ ಹೊಡೆಯಲು ಕೈ ಎತ್ತಿದವನು ಹಾಗೇ ಕೆಳಗೆ ಬಿದ್ದೆ. “ಕುಡಿದು ಬಂದಿದಾನೆ” ಅಂತ ಮರುದಿನ ಸುದ್ದಿ! ಕುಡಿಯೋಕೆ ನನ್ನ ಹತ್ತಿರ ಬಸ್ ಚಾರ್ಜಿಗೇ ದುಡ್ಡಿರಲಿಲ್ಲ ಸ್ವಾಮಿ! ಆ ಚಿತ್ರದಿಂದ ನನ್ನ ಹೆಸರು ಹೊಡೆದು ಹಾಕಿದರು. ಊರಿಗೆ ವಾಪಸ್.

ಊರಿನಲ್ಲಿ ಅವ್ವ ನನ್ನ ಆರೈಕೆಗೆ ನಿಂತಳು. “ರೊಟ್ಟಿ, ಮುದ್ದೆ ಹೊಟ್ಟೆಗೆ ಭಾರ ಆಗ್ತಾವಪ್ಪ” ಅಂತ ಬ್ರೆಡ್ಡು, ರಸ್ಕು, ರವೆ ಗಂಜಿ. ಕಾಯಿಲೆ ಮನುಷ್ಯನಿಗೆ ನಮ್ಮಲ್ಲಿ ಕೊಡೋದೇ ಅದು ತಾನೇ? ನಾನು ಇನ್ನೂ ಇಳಿದೆ. ಕೊನೆಗೆ ಹೊಟ್ಟೆ-ಕರುಳಿನ ತಜ್ಞರೊಬ್ಬರು ಟಿಟಿಜಿ ಅನ್ನುವ ರಕ್ತ ಪರೀಕ್ಷೆ ಬರೆದುಕೊಟ್ಟರು. ಆಮೇಲೆ ಬಾಯಿಂದ ನಳಿಗೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆದು ನೋಡಿದರು. ಕಾಯಿಲೆಯ ಹೆಸರು ಸೀಲಿಯಾಕ್.

ಡಾಕ್ಟರು ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳ್ತೀನಿ. ಗೋಧಿ ಮತ್ತು ಬಾರ್ಲಿಯಲ್ಲಿ ಗ್ಲುಟೆನ್ ಅನ್ನುವ ಪ್ರೋಟೀನ್ ಇದೆ. ಹಿಟ್ಟಿಗೆ ಜಿಗುಟು ಬರೋದು ಅದರಿಂದಲೇ. ಲ್ಯಾಟಿನ್ ಭಾಷೆಯಲ್ಲಿ ಗ್ಲುಟೆನ್ ಎಂದರೇನು ಬಲ್ಲಿರಾ? ಅಂಟು! ನನ್ನ ಪೋಸ್ಟರಿನ ಅಂಟು! ಎಲ್ಲರಿಗೂ ಅದು ನಿರಪಾಯ. ಆದರೆ ನನ್ನಂಥವರ ಮೈಯೊಳಗಿನ ಕಾವಲುಪಡೆ ಅದನ್ನು ಕಂಡರೆ ಕೆರಳಿ ತನ್ನ ಕರುಳನ್ನೇ ಹೊಡೆಯುತ್ತದೆ. ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಎಳೆಎಳೆ ಇರಬೇಕು. ಆಹಾರದ ಸಾರ ಹೀರೋದು ಆ ಎಳೆಗಳೇ. ಅವು ಸವೆದು ಹೋದರೆ ಏನು ತಿಂದರೂ ಮೈಗೆ ಹತ್ತೋದಿಲ್ಲ. ರಕ್ತ ಇಳಿಯುತ್ತೆ, ಮೂಳೆ ಸವೆಯುತ್ತೆ, ಮಕ್ಕಳಾದರೆ ಬೆಳವಣಿಗೆ ನಿಲ್ಲುತ್ತೆ. ಇದನ್ನು ವಾಸಿ ಮಾಡುವ ಗುಳಿಗೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡೋದೊಂದೇ ಮದ್ದು. ಮೈದಾ ಕೈಗೆ ಮೆತ್ತಿದರೆ ಏನೂ ಆಗದು, ಬಾಯಿಗೆ ಹೋಗಬಾರದು, ಅಷ್ಟೇ.

ಈ ವಿಲನ್ನನ್ನು ಹಿಡಿದ ಕಥೆಯೂ ಒಂದು ಸಿನಿಮಾ! ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆಗೆ ಗೋಧಿ ಮೇಲೆ ಮೊದಲಿನಿಂದ ಅನುಮಾನ. ಎರಡನೇ ಮಹಾಯುದ್ಧದ ಕಾಲ, 1944-45ರ ಚಳಿಗಾಲದಲ್ಲಿ ಆ ದೇಶಕ್ಕೆ ಭೀಕರ ಕ್ಷಾಮ. ಬ್ರೆಡ್ಡೇ ಇಲ್ಲ. ಊರೆಲ್ಲ ಸೊರಗುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡವು! ಬ್ರೆಡ್ಡು ಮತ್ತೆ ಬಂತು, ಕಾಯಿಲೆಯೂ ಮತ್ತೆ ಬಂತು. 1950ರಲ್ಲಿ ಅವರು ಇದರ ಮೇಲೆ ಪ್ರಬಂಧವನ್ನೇ ಬರೆದರು.

ಇನ್ನೊಂದು ಮಾತು. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ 100ಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿಗೆ ಈ ಕಾಯಿಲೆ ಇದೆ. ನಮ್ಮ ದಕ್ಷಿಣದಲ್ಲಿ 1000ಕ್ಕೆ ಒಬ್ಬರಷ್ಟು. ಅಪರೂಪದ ಕಾಯಿಲೆ, ಹಾಗಾಗಿ ಬೇಗ ಯಾರಿಗೂ ಹೊಳೆಯೋದಿಲ್ಲ. ಯಾರ ಮೇಲೂ ನನಗೆ ಸಿಟ್ಟಿಲ್ಲ.

ಆದರೆ ಅವ್ವ? ವಿಷಯ ತಿಳಿದ ದಿನ ಒಲೆ ಮುಂದೆ ಕೂತು ಅತ್ತಳು. “ನನ್ನ ಕೈಯಾರೆ ನಾನೇ ಹಾಕಿದ್ನಲ್ಲೋ ಯಪ್ಪಾ...” ಎಂಥ ಸೆಂಟಿಮೆಂಟ್ ಸೀನ್ ಬರೆದರೂ ಆ ಮಾತು ಬರೆಯೋಕೆ ನನ್ನಿಂದ ಆಗಿಲ್ಲ.

ಮರುದಿನವೇ ಅವ್ವ ಎದ್ದು ನಿಂತಳು. ಮನೆಯಿಂದ ಗೋಧಿ ಆಚೆ! ಆಗ ಗೊತ್ತಾಯಿತು ನೋಡಿ, ಈ ವಿಲನ್ನಿಗೆ ಎಷ್ಟು ವೇಷ ಅಂತ. ಮೈದಾ ಅವನೇ, ರವೆ ಅವನೇ, ಅಂಗಡಿ ಶಾವಿಗೆ ಅವನೇ, ಹೋಳಿಗೆಯ ಕಣಕ ಅವನೇ, ಮದ್ದೂರು ವಡೆಯಲ್ಲೂ ಅವನೇ. ಸಾರಿಗೆ ಹಾಕುವ ಡಬ್ಬಿ ಇಂಗಿನಲ್ಲಿ ಕೂಡ ಎಷ್ಟೋ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ! ಗೋಬಿ ಮಂಚೂರಿಯಲ್ಲಿ ಡಬಲ್ ಆಕ್ಟಿಂಗ್, ಮೈದಾ ಒಂದು, ಸೋಯಾ ಸಾಸ್ ಇನ್ನೊಂದು. ಮಾಲ್ಟ್ ಪುಡಿಯಲ್ಲಿ ಬಾರ್ಲಿ, ಬಿಯರಿನಲ್ಲೂ ಬಾರ್ಲಿ. ಥಿಯೇಟರಿನ ಪಫ್ಸ್, ಸಮೋಸ ನನಗೆ ನಿಷಿದ್ಧ. ಇಂಟರ್‌ವಲ್ಲಿನಲ್ಲಿ ಬರೀ ಉಪ್ಪು ಹಾಕಿದ ಪಾಪ್‌ಕಾರ್ನ್, ಹುರಿದ ಕಡಲೆಕಾಯಿ ನನ್ನ ಗೆಳೆಯರು.

ಹಾಗಾದರೆ ತಿನ್ನೋದೇನು ಅಂತೀರಾ? ಅಯ್ಯೋ, ನಮ್ಮ ನಾಡಿನಲ್ಲಿ ಹುಟ್ಟಿದ್ದು ನನ್ನ ಪುಣ್ಯ! ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಇಡ್ಲಿ, ನೀರು ದೋಸೆ, ನವಣೆ ಅನ್ನ, ಅವಲಕ್ಕಿ, ಮಂಡಕ್ಕಿ... ಯಾವುದರಲ್ಲೂ ಗ್ಲುಟೆನ್ ಇಲ್ಲ. ಸಿಹಿ ಬೇಕಾದರೆ ಕಡಲೆ ಹಿಟ್ಟಿನ ಮೈಸೂರು ಪಾಕಿದೆ. ನಮ್ಮೂರ ಬೆಣ್ಣೆ ದೋಸೆಯನ್ನೂ ತಿನ್ನುತ್ತೇನೆ. ಆದರೆ ಹಿಟ್ಟಿಗೆ ಮೈದಾ, ರವೆ ಸೇರಿಸಿದ್ದಾರಾ, ಅದೇ ಹಂಚಿನ ಮೇಲೆ ಚಪಾತಿ, ರವೆ ದೋಸೆ ಮಾಡ್ತಾರಾ ಅಂತ ಕೇಳಿಯೇ ಕೂರೋದು. ಕರಿದ ತಿಂಡಿಗೂ ಅಷ್ಟೇ. ಪೂರಿ ಕರಿದ ಎಣ್ಣೆ ಆಗದು.

ಹಿಟ್ಟಿನ ಗಿರಣಿ ಒಂದು ದೊಡ್ಡ ಬಲೆ. ಮುಂದಿನವರು ಗೋಧಿ ಬೀಸಿಸಿ ಹೋಗಿರುತ್ತಾರೆ, ಅದರ ಹಿಂದೆಯೇ ನಮ್ಮ ರಾಗಿ. ಎರಡು ತಿಂಗಳು ಪಥ್ಯ ಮಾಡಿದರೂ ನನಗೆ ಗುಣ ಕಾಣದಿದ್ದದ್ದು ಇದರಿಂದಲೇ. ಅವ್ವ ಕಿವಿಯೋಲೆ ಅಡವಿಟ್ಟು ಮನೆಗೆ ಸಣ್ಣ ಹಿಟ್ಟಿನ ಮಿಷನ್ ತಂದಳು.

ಅಂಗಡಿಯಲ್ಲಿ ‘ಗ್ಲುಟೆನ್ ಇಲ್ಲ’ ಎಂದು ಅಚ್ಚಾದ ಬಿಸ್ಕತ್ತು ಸಿಗುತ್ತೆ. ಕಾನೂನಿನ ಪ್ರಕಾರ ಕೇಜಿಗೆ 20 ಮಿಲಿಗ್ರಾಂ ಗ್ಲುಟೆನ್ ಮೀರಬಾರದು, ನಂಬಬಹುದು. ಆದರೆ ಬಿಸ್ಕತ್ತು ಬಿಸ್ಕತ್ತೇ. ಬೆಲೆ ಜಾಸ್ತಿ, ಒಳಗೆ ಪಿಷ್ಟ, ಸಕ್ಕರೆ, ಕೊಬ್ಬು. ಕಂಪನಿ ಬದಲಾದರೆ ಕರುಳು ಗಟ್ಟಿಯಾದೀತು, ಮೈ ಗಟ್ಟಿಯಾಗಬೇಕಲ್ಲ? ಅದಕ್ಕೆ ಸೊಪ್ಪು, ಬೇಳೆ, ಮೊಟ್ಟೆ, ಶೇಂಗಾ ಬೇಕು. ರಾಗಿ ಒಂದರಲ್ಲೇ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ವರ್ಷ ಕಳೆಯುವಷ್ಟರಲ್ಲಿ ನಾನು 55 ಕೇಜಿ!

ಇಲ್ಲಿಗೆ ಇಂಟರ್‌ವಲ್. ಈ ಕಥೆಯ ಹೀರೋ ನಾನಲ್ಲ, ನನ್ನ ತಂಗಿ.

ಈ ಕಾಯಿಲೆ ರಕ್ತಸಂಬಂಧದಲ್ಲಿ ಹರಿಯುತ್ತದೆ. ಒಬ್ಬರಿಗಿದ್ದರೆ ಒಡಹುಟ್ಟಿದವರು, ತಂದೆತಾಯಿ, ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಇರಬಹುದಂತೆ. ಹೊಟ್ಟೆನೋವು ಇರಲೇಬೇಕೆಂದಿಲ್ಲ. ತಂಗಿಗೆ ಆಗ 17, ಕುಳ್ಳಿ, ಬಿಳಿಚಿಕೊಂಡವಳು. “ಹೆಣ್ಣುಮಕ್ಕಳಿಗೆ ರಕ್ತ ಕಮ್ಮಿ ಇರೋದೇ” ಅಂತ ಎಲ್ಲರೂ ಸುಮ್ಮನಿದ್ದೆವು. ಪರೀಕ್ಷೆ ಮಾಡಿಸಿದರೆ ಅವಳಿಗೂ ಅದೇ!

ಅವಳು ಪಥ್ಯ ಹಿಡಿದದ್ದು ಛಲದಿಂದ. ನಾನೋ? 2012ರಲ್ಲಿ ಒಂದು ಮುಹೂರ್ತ. ನಿರ್ಮಾಪಕರು ತಾವೇ ಹೋಳಿಗೆ ಹಿಡಿದು ಬಾಯಿಗಿಟ್ಟರು. “ಒಂದು ತುತ್ತು ತಿಂದ್ರೆ ಏನಾಗುತ್ತೆ?” ಬೇಡ ಅನ್ನೋಕೆ ನಾಲಿಗೆ ಬರಲಿಲ್ಲ. ಎಲ್ಲಿ ಅವಕಾಶ ತಪ್ಪುತ್ತೋ ಅನ್ನೋ ಭಯ. ನುಂಗಿದೆ. ನಾಲ್ಕು ದಿನ ಹಾಸಿಗೆ. ತಂಗಿ ಫೋನಿನಲ್ಲಿ ಒಂದೇ ಮಾತು ಕೇಳಿದಳು: “ಅಣ್ಣಾ, ನಿನ್ನ ಹೊಟ್ಟೆನೋವನ್ನ ಆ ನಿರ್ಮಾಪಕ ತಗೋತಾನಾ?”

2016ರಲ್ಲಿ ಅವಳಿಗೆ ಗಂಡು ನೋಡಲು ಶುರು ಮಾಡಿದೆವು. ನಮ್ಮ ಚಿತ್ರಗಳಲ್ಲಿ ಹೆಣ್ಣು ನೋಡೋ ಸೀನ್ ಅಂದರೆ ಉಪ್ಪಿಟ್ಟು-ಕೇಸರಿಬಾತ್ ಇರಲೇಬೇಕು. ಎರಡೂ ರವೆ! ನಾನು ಹೇಳಿದೆ, “ಹೋಟೆಲಿಂದ ತರಿಸೋಣ. ಕಾಯಿಲೆ ವಿಷಯ ಮದುವೆ ಆದಮೇಲೆ ನಿಧಾನಕ್ಕೆ ಹೇಳಿದ್ರಾಯ್ತು.” ತಂಗಿ ನನ್ನನ್ನೇ ನೋಡಿದಳು. “ಅಲ್ಲಿವರೆಗೂ ದಿನಾ ಮೂರು ಹೊತ್ತು ಸುಳ್ಳು ತಿನ್ನಬೇಕಾ ಅಣ್ಣ?”

ನಾನು ಬಾಯಿ ಮುಚ್ಚಿಕೊಂಡೆ.

ಮೊದಲು ಬಂದವರಿಗೆ ಅವಳೇ ಎಲ್ಲ ಹೇಳಿದಳು. “ಫೋನ್ ಮಾಡ್ತೀವಿ” ಅಂತ ಎದ್ದು ಹೋದರು. ಫೋನ್ ಬರಲೇ ಇಲ್ಲ. ಅವ್ವ ಆ ರಾತ್ರಿ ಊಟ ಮಾಡಲಿಲ್ಲ. ಎರಡನೆಯವರು ಬಂದಾಗ ಒಗ್ಗರಣೆ ಮಂಡಕ್ಕಿ, ಹೆಸರುಬೇಳೆ ಪಾಯಸ ಇಟ್ಟೆವು. ಹುಡುಗನ ತಾಯಿ, “ಉಪ್ಪಿಟ್ಟು ಮಾಡಿಲ್ಲೇನವ್ವ?” ಅಂದರು. ತಂಗಿ ತಲೆ ಎತ್ತಿಯೇ ಹೇಳಿದಳು. ಗೋಧಿ ಆಗಲ್ಲ, ಜೀವನಪೂರ್ತಿ ಆಗಲ್ಲ, ಒಂದು ಚೂರೂ ಆಗಲ್ಲ, ಹಂಚೂ ಬೇರೆ ಬೇಕು.

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಜೋಳದ ರೊಟ್ಟಿ?”

“ಅದೇ ದಿನಾ ತಿನ್ನೋದು ರೀ.”

“ಮತ್ತೆ ಇದರಾಗೆ ಏನೈತಿ? ನಾವು ಸಣ್ಣವರಿದ್ದಾಗ ಗೋಧಿ ಕಾಣ್ತಿದ್ದದ್ದೇ ಹಬ್ಬಕ್ಕೆ!”

ಮದುವೆ ಆಯಿತು. ಸತ್ಯನಾರಾಯಣ ಪೂಜೆಯ ದಿನ ನನಗೆ ಎದೆ ಢವಢವ. ಪ್ರಸಾದದ ಸಜ್ಜಿಗೆ ರವೆಯದಲ್ಲವೇ? ಅಷ್ಟು ಜನರ ಮುಂದೆ ಹೊಸ ಸೊಸೆ ಬೇಡ ಅನ್ನೋದು ಹೇಗೆ? ಅವಳ ಅತ್ತೆ ಒಳಗಿಂದ ಬಂದು ಮೆಲ್ಲಗೆ ಹೇಳಿದರು, “ಹೆದರಬ್ಯಾಡಪ್ಪ, ಈ ಸಲ ಸಜ್ಜಿಗೆ ಎಲ್ಲರಿಗೂ ಅಕ್ಕಿ ತರಿದೇ ಮಾಡೀನಿ.” ಕಂಬದ ಹಿಂದೆ ನಿಂತು ಕಣ್ಣೊರೆಸಿಕೊಂಡೆ. ನೀವು ಯಾರಿಗೂ ಹೇಳಬೇಡಿ!

ಗೆಳೆಯರೇ, ಹೀರೋ ಸಿಕ್ಸ್ ಪ್ಯಾಕಿಗಾಗಿ ಗೋಧಿ ಬಿಟ್ಟರು ಅಂತ ನೀವೂ ಬಿಡಬೇಡಿ. ಕಾಯಿಲೆ ಇಲ್ಲದವರಿಗೆ ಚಪಾತಿ ಶತ್ರು ಅಲ್ಲ. ಆದರೆ ತಿಂಗಳುಗಟ್ಟಲೆ ಹೊಟ್ಟೆ ಕೆಟ್ಟಿದ್ದರೆ, ತೂಕ ಇಳಿಯುತ್ತಿದ್ದರೆ, ರಕ್ತ ಏರದಿದ್ದರೆ ಡಾಕ್ಟರನ್ನು ಕಾಣಿ, ಸೀಲಿಯಾಕ್ ಪರೀಕ್ಷೆ ಬೇಕೇ ಅಂತ ಕೇಳಿ. ಒಂದು ಎಚ್ಚರ: ಪರೀಕ್ಷೆ ಮುಗಿಯೋವರೆಗೆ ಗೋಧಿ ಬಿಡಬೇಡಿ. ಮೊದಲೇ ಬಿಟ್ಟರೆ ವಿಲನ್ ತಪ್ಪಿಸಿಕೊಳ್ಳುತ್ತಾನೆ, ಪರೀಕ್ಷೆಯಲ್ಲಿ ಏನೂ ಕಾಣೋದಿಲ್ಲ.

ಆ ಲೈಟ್ ಬಾಯ್‌ಗೂ ಇದನ್ನೇ ಹೇಳಿದೆ. ಸೋಮವಾರ ರಜೆ ಹಾಕಿ ಆಸ್ಪತ್ರೆಗೆ ಹೋಗ್ತಾನಂತೆ. ಅವನ ವಿಲನ್ ಗೋಧಿಯೋ ಬೇರೆ ಯಾರೋ, ಡಾಕ್ಟರು ಹೇಳಲಿ. ಅಲ್ಲಿಯವರೆಗೆ ಅವನನ್ನು ಯಾರೂ ‘ಕಡ್ಡಿ’ ಅನ್ನಬಾರದು ಅಂತ ಯೂನಿಟ್ಟಿಗೆಲ್ಲ ಆರ್ಡರ್ ಮಾಡಿದ್ದೇನೆ!

ಮುಂದಿನ ವಾರ ಗುಸುಗುಸು ಜೊತೆ ಸಿಗೋಣ. ಬರಲೇ?